ಒಂದೇ ವೀಕೆಂಡ್‌ನಲ್ಲಿ 338 ವಿಮಾನ ಚೆಕ್ ಮಾಡಿದ್ರಲ್ಲ, ಯಾಕೆ? ಗೊತ್ತಿರೋರು ಬಿಡಿಸಿ ಹೇಳಿ

ತುಂಗಾತೀರ:
ಎಲ್ರಿಗೂ ನಮಸ್ಕಾರ. ಬೈಯೋಕೆ ಈ ಪೋಸ್ಟ್ ಹಾಕ್ತಿಲ್ಲ, ನಿಜವಾಗ್ಲೂ ತಿಳ್ಕೋಬೇಕು ಅಂತ ಕೇಳ್ತಿದೀನಿ. 2025ರ ನವೆಂಬರ್ 29 ಶನಿವಾರ ಅಮ್ಮನ್ನ ಕರ್ಕೊಂಡು ಬೆಂಗಳೂರಿಂದ ಅಹಮದಾಬಾದ್‌ಗೆ ಹೊರಟಿದ್ದೆ, ಅಕ್ಕನ ಬಾಣಂತನಕ್ಕೆ. ಅಮ್ಮಂಗೆ ಜೂನ್‌ನಲ್ಲಿ ಅಲ್ಲಾದ ಏರ್ ಇಂಡಿಯಾ ವಿಮಾನದ ಆಕ್ಸಿಡೆಂಟ್ ಟಿವಿಲಿ ನೋಡಿದಾಗಿಂದ ಆ ಊರಿನ ಹೆಸರು ಕೇಳಿದ್ರೇ ಭಯ, ಹೇಗೋ ಒಪ್ಪಿಸಿ ಕರ್ಕೊಂಡು ಹೋಗಿದ್ದೆ, ಅಂಥದ್ರಲ್ಲಿ ಗೇಟ್ ಹತ್ರ ಮೂರೂವರೆ ಗಂಟೆ ಕೂರಿಸಿದ್ರು. ಕಾರಣ ಏನಂತ ಯಾರೂ ನೆಟ್ಟಗೆ ಹೇಳ್ಲಿಲ್ಲ, ಆಮೇಲೆ ಮೊಬೈಲಲ್ಲಿ ನ್ಯೂಸ್ ನೋಡಿದ್ಮೇಲೆ ಗೊತ್ತಾಯ್ತು ಏರ್‌ಬಸ್ ಎ320 ವಿಮಾನಗಳಿಗೆಲ್ಲ ಏನೋ ಸಾಫ್ಟ್‌ವೇರ್ ಬದಲಾಯಿಸ್ಬೇಕಂತೆ, ಜಗತ್ತಲ್ಲಿ 6000 ವಿಮಾನ, ನಮ್ಮ ದೇಶದಲ್ಲೇ 338 ಅಂತ. ಅದನ್ನ ಅಮ್ಮಂಗೆ ಹೇಳ್ದೆ. ಅವರು ಒಂದೇ ಮಾತು ಕೇಳಿದ್ರು. "ನಿನ್ನೆವರೆಗೂ ಸರಿ ಇದ್ದಿದ್ದು ಇವತ್ತು ಹೇಗೋ ಕೆಟ್ಟೋಯ್ತು? ಹಾಗಾದ್ರೆ ನಿನ್ನೆ ಹೋದವ್ರೆಲ್ಲ?" ನನ್ನತ್ರ ಉತ್ತರ ಇರ್ಲಿಲ್ಲ. ಇಲ್ಲಿ ಈ ಫೀಲ್ಡ್‌ನವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ನಿತ್ಯ_ಪ್ರಯಾಣಿಕ:
ಎಲ್ಲಾ ನೆಪ ಸರ್. ನಾನು ತಿಂಗಳಿಗೆ ಆರು ಸಲ ಓಡಾಡ್ತೀನಿ, ಮಾತೆತ್ತಿದ್ರೆ "ಟೆಕ್ನಿಕಲ್ ರೀಸನ್". ಡಿಸೆಂಬರ್ ಮೊದಲ ವಾರ ಸಾವಿರಾರು ಫ್ಲೈಟ್ ಕ್ಯಾನ್ಸಲ್ ಆದವಲ್ಲ, ಅದೂ ಇದೇ ತಾನೆ.

ಹ್ಯಾಂಗರ್_ರಾತ್ರಿ:
ಸರ್, ಎರಡನ್ನೂ ಸೇರಿಸ್ಬೇಡಿ. ಡಿಸೆಂಬರ್‌ದು ಪೈಲಟ್‌ಗಳ ಡ್ಯೂಟಿ ಅವರ್ಸ್, ರೆಸ್ಟ್ ರೂಲ್ ವಿಷಯ, ವಿಮಾನದ ರಿಪೇರಿಗೂ ಅದಕ್ಕೂ ಸಂಬಂಧ ಇಲ್ಲ.

ನಾನು ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರ್, ಬಿ1 ಲೈಸೆನ್ಸ್ (ಬಾಡಿ, ಎಂಜಿನ್ ಕೆಲಸದ್ದು), 14 ವರ್ಷ ಆಯ್ತು, ಬೆಂಗಳೂರಲ್ಲೇ ಇದೀನಿ, ಕಂಪನಿ ಹೆಸರು ಬೇಡ. ಆ ಶುಕ್ರವಾರ ರಾತ್ರಿ ನಾನು ಡ್ಯೂಟಿಲಿದ್ದೆ. ತುಂಗಾತೀರ ಅವರೇ, ನಿಮ್ಮ ಅಮ್ಮ ಕೇಳಿದ ಪ್ರಶ್ನೆ ನಮ್ಮ ಕೆಲಸದ ಬುಡಕ್ಕೇ ಬರುತ್ತೆ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಬೇಜಾರ್ ಮಾಡ್ಕೋಬೇಡಿ.

ಅಕ್ಟೋಬರ್ 30ಕ್ಕೆ ಜೆಟ್‌ಬ್ಲೂ ಕಂಪನಿಯ ಎ320 ಒಂದು ಮೆಕ್ಸಿಕೋದ ಕ್ಯಾನ್‌ಕೂನ್‌ನಿಂದ ನ್ಯೂವಾರ್ಕ್‌ಗೆ ಹೋಗ್ತಿತ್ತು. ಮೇಲೆ ನೆಟ್ಟಗೆ ಹಾರ್ತಿದ್ದದ್ದು ಪೈಲಟ್ ಏನೂ ಮಾಡದೇ ತಾನಾಗೇ ಮೂಗು ಕೆಳಗೆ ಹಾಕ್ತು. ಟ್ಯಾಂಪಾದಲ್ಲಿ ಇಳಿಸಿದ್ರು, ಹದಿನೈದು ಜನಕ್ಕಾದ್ರೂ ಪೆಟ್ಟಾಗಿ ಆಸ್ಪತ್ರೆಗೆ ಹೋದ್ರು. ಎ320ಲಿ ಪೈಲಟ್ ಕೈಲಿರೋ ಸ್ಟಿಕ್‌ಗೂ ರೆಕ್ಕೆ, ಬಾಲಕ್ಕೂ ನೇರ ತಂತಿ ಇರಲ್ಲ, ನಡುವೆ ಕಂಪ್ಯೂಟರ್‌ಗಳಿವೆ, ಅದ್ರಲ್ಲಿ ಒಂದು ಜಾತಿ ಎಲಾಕ್ ಅಂತ, ಒಂದು ವಿಮಾನಕ್ಕೆ ಎರಡು. ಏರ್‌ಬಸ್ ನೋಡಿದಾಗ ಕಂಡಿದ್ದು, ಎಲಾಕ್‌ನ ಹೊಸ ಸಾಫ್ಟ್‌ವೇರ್ ಇರೋ ಕಡೆ ಸೂರ್ಯನಿಂದ ಬರೋ ಜೋರು ವಿಕಿರಣ ಒಳಗಿನ ಡೇಟಾ ಕೆಡಿಸಬಹುದು. ನವೆಂಬರ್ 28ಕ್ಕೆ ಏರ್‌ಬಸ್ ಎಲ್ಲಾ ಏರ್‌ಲೈನ್‌ಗೂ ಅಲರ್ಟ್ ಕಳಿಸ್ತು, ಅವತ್ತೇ ಯುರೋಪಿನ ರೆಗ್ಯುಲೇಟರ್ ಇಯಾಸಾ ಎಮರ್ಜೆನ್ಸಿ ಆರ್ಡರ್ ಹೊರಡಿಸ್ತು. ನಮ್ಮ ದೇಶದ ರೆಗ್ಯುಲೇಟರ್ ಡಿಜಿಸಿಎ ಕೂಡ ಕಡ್ಡಾಯ ಮಾಡ್ತು. ನಮ್ಗೆ ಸಿಕ್ಕ ಗಡುವು ಭಾನುವಾರ ಬೆಳಿಗ್ಗೆ 5:29. ಯುರೋಪಿನ ಗಡುವು ಯುಟಿಸಿ ಅನ್ನೋ ಅಂತರರಾಷ್ಟ್ರೀಯ ಸಮಯದ ನಡುರಾತ್ರಿಗೆ ಒಂದು ನಿಮಿಷ ಮುಂಚೆ ಮುಗೀತಿತ್ತು, ನಮ್ಮ ಟೈಮಿಗೆ ಅದು 5:29.

ಕೆಲಸ ದೊಡ್ಡದೇನಲ್ಲ, ಹಳೇ ಸಾಫ್ಟ್‌ವೇರ್ ವಾಪಸ್ ಹಾಕ್ಬೇಕು, ಟೆಸ್ಟ್ ಮಾಡ್ಬೇಕು, ಒಂದು ವಿಮಾನಕ್ಕೆ ಎರಡು ಮೂರು ಗಂಟೆ. ಆದ್ರೆ ಒಂದೇ ರಾತ್ರಿ ಸಾಲಾಗಿ ಬಂದ್ರೆ? ಸಾಫ್ಟ್‌ವೇರ್ ತುಂಬೋ ಡೇಟಾ ಲೋಡರ್ ಇರೋದೇ ಲೆಕ್ಕಕ್ಕೆ ಇಷ್ಟು, ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ಮಾಡೋ ಬಿ2 ಹುಡುಗ್ರು ಮನೆಗೆ ಹೋದವ್ರೂ ವಾಪಸ್ ಬಂದ್ರು. ಶನಿವಾರ ಬೆಳಿಗ್ಗೆ 10ಕ್ಕೆ ದೇಶದಲ್ಲಿ 189 ಮುಗಿದಿತ್ತು.

ಈಗ ಅಮ್ಮನ ಪ್ರಶ್ನೆಗೆ ಬರ್ತೀನಿ. ಶುಕ್ರವಾರ ಕೆಟ್ಟಿದ್ದಲ್ಲ. ಮುಂಚಿಂದ್ಲೂ ಇತ್ತು, ಶುಕ್ರವಾರ ಗೊತ್ತಾಯ್ತು. ಹಿಂದಿನ ದಿನ ಹೋದವ್ರು ಗೊತ್ತಿಲ್ಲದ ಒಂದು ಅಪಾಯ ಜೊತೆಗಿಟ್ಕೊಂಡೇ ಹೋಗಿದ್ರು. ಗೊತ್ತಾದ ಕ್ಷಣದಿಂದ ಒಬ್ಬ ಪ್ರಯಾಣಿಕನನ್ನೂ ಅದ್ರಲ್ಲಿ ಕೂರಿಸಬಾರದು ಅನ್ನೋದಕ್ಕೆ ನಿಮ್ಮನ್ನ ಮೂರೂವರೆ ಗಂಟೆ ಕೂರಿಸಿದ್ದು.

ತುಂಗಾತೀರ:
ತುಂಬಾ ಥ್ಯಾಂಕ್ಸ್ ಸರ್. ಇದನ್ನ ಗೇಟಲ್ಲಿ ಯಾರಾದ್ರೂ ಎರಡು ನಿಮಿಷ ಹೇಳಿದ್ರೆ ಅಮ್ಮ ಅಷ್ಟು ಹೆದರ್ತಿರ್ಲಿಲ್ಲ. ಹಾಗಾದ್ರೆ ಈ ತರ ಆರ್ಡರ್ ಆವಾಗಾವಾಗ ಬರ್ತಾನೇ ಇರುತ್ತಾ?

ಹ್ಯಾಂಗರ್_ರಾತ್ರಿ:
ಬರ್ತಾನೇ ಇರುತ್ತೆ. ಅದಕ್ಕೆ ಏರ್‌ವರ್ದಿನೆಸ್ ಡೈರೆಕ್ಟಿವ್ ಅಂತಾರೆ, ನಾವು ಎಡಿ ಅಂತೀವಿ. ಬೋಯಿಂಗ್ ವಿಮಾನಕ್ಕೆ ಅಮೆರಿಕದ ಎಫ್‌ಎಎ ಕೊಡುತ್ತೆ, ಏರ್‌ಬಸ್‌ಗೆ ಇಯಾಸಾ, ಡಿಸೈನ್ ಮಾಡಿದ ದೇಶ ಕೊಟ್ಟಿದ್ದನ್ನ ಇಲ್ಲಿ ಡಿಜಿಸಿಎ ರೂಲ್ ಪ್ರಕಾರ ನಾವೂ ಪಾಲಿಸ್ಲೇಬೇಕು. ಹೆಚ್ಚಿನವು ನಿಮ್ಗೆ ಗೊತ್ತೇ ಆಗಲ್ಲ, ಯಾಕಂದ್ರೆ "ಇನ್ನು ಇಷ್ಟು ಗಂಟೆ ಹಾರೋದ್ರೊಳಗೆ", "ಇಷ್ಟು ಸೈಕಲ್ ಒಳಗೆ" ಅಂತ ಟೈಮ್ ಕೊಟ್ಟಿರ್ತಾರೆ, ರಾತ್ರಿ ವಿಮಾನ ನಿಂತಾಗ್ಲೋ ಸಿ ಚೆಕ್ ಅನ್ನೋ ದೊಡ್ಡ ತಪಾಸಣೆಗೆ ಹ್ಯಾಂಗರ್‌ಗೆ ಬಂದಾಗ್ಲೋ ಮುಗಿಸ್ತೀವಿ. ಸೈಕಲ್ ಅಂದ್ರೆ ಒಂದು ಸಲ ಏರಿ ಇಳಿದ್ರೆ ಒಂದು. "ಮುಂದಿನ ಫ್ಲೈಟ್‌ಗೆ ಮುಂಚೆ" ಅಂತ ಬಂದ್ರೆ ಮಾತ್ರ ನಿಮ್ಗೆ ಬಿಸಿ ತಟ್ಟೋದು.

ಕುಡ್ಲದ_ಹುಡ್ಗಿ:
ಒಂದು ಸಂಶಯ ಉಂಟು. ಜೂನ್‌ನ ಅಹಮದಾಬಾದ್ ಆಕ್ಸಿಡೆಂಟ್ ಆದ ಮೇಲೆ ಪ್ರಾಥಮಿಕ ವರದಿಯಲ್ಲಿ ಎಂಜಿನ್‌ಗೆ ಇಂಧನ ಬಿಡುವ, ನಿಲ್ಲಿಸುವ ಫ್ಯುಯೆಲ್ ಸ್ವಿಚ್ ಬಗ್ಗೆ ಎಫ್‌ಎಎ 2018ರಲ್ಲೇ ಹೇಳಿತ್ತು, ಚೆಕ್ ಮಾಡ್ಲಿಲ್ಲ ಅಂತ ಬಂತಲ್ವಾ. ಕಡ್ಡಾಯ ಅಂತಾದ್ರೆ ಅದನ್ನು ಮಾಡದೆ ಹೇಗೆ ಬಿಟ್ರು ಮಾರಾಯ್ರೆ? 260 ಜನ ಹೋದ್ರಲ್ಲ. ನಮ್ಮ ಮನೆಯಲ್ಲಿ ಎಲ್ಲ ಗಲ್ಫ್‌ನಲ್ಲಿರುವವರು, ವರ್ಷಕ್ಕೆ ನಾಲ್ಕು ಸಲ ಪ್ಲೇನ್ ಹತ್ತುವವರು, ಅದಕ್ಕೆ ಕೇಳಿದ್ದು.

ಹ್ಯಾಂಗರ್_ರಾತ್ರಿ:
ಮೇಡಂ, ಇದನ್ನ ತುಂಬಾ ಹುಷಾರಾಗಿ ಹೇಳ್ಬೇಕು, ಯಾಕಂದ್ರೆ ಪ್ರಾಥಮಿಕ ವರದಿ ಸ್ವಿಚ್ ಕೆಟ್ಟಿತ್ತು ಅಂತ ಎಲ್ಲೂ ಹೇಳಿಲ್ಲ. ಅದರಲ್ಲಿ ಇರೋದು ಇಷ್ಟು: 2018 ಡಿಸೆಂಬರ್ 17ಕ್ಕೆ ಎಫ್‌ಎಎ ಒಂದು ಮಾಹಿತಿ ಬುಲೆಟಿನ್ ಹೊರಡಿಸಿತ್ತು, ಕೆಲವು ಬೋಯಿಂಗ್ 737ಗಳಲ್ಲಿ ಸ್ವಿಚ್ ತಾನಾಗೇ ಜಾರದ ಹಾಗೆ ಹಿಡಿಯೋ ಲಾಕಿಂಗ್ ಸೇರ್ಕೊಳ್ದೇ ಬಂದಿದೆ, ಚೆಕ್ ಮಾಡಿ ಅಂತ. ಅದೇ ತರದ ಸ್ವಿಚ್ ಇರೋ ಬೇರೆ ಬೋಯಿಂಗ್‌ಗಳ ಹೆಸರೂ ಇತ್ತು. ಆದ್ರೆ ಅದು ಸಲಹೆ, ಎಡಿ ಅಲ್ಲ. ಸಲಹೆ ಆಗಿದ್ರಿಂದ ಆ ಇನ್ಸ್‌ಪೆಕ್ಷನ್ ಮಾಡಿರ್ಲಿಲ್ಲ ಅಂತ ಏರ್ ಇಂಡಿಯಾ ಹೇಳಿದ್ದನ್ನ ವರದಿ ದಾಖಲಿಸಿದೆ. ಜೊತೆಗೆ, ಆ ಸ್ವಿಚ್ ಇರೋ ಥ್ರಾಟಲ್ ಕಂಟ್ರೋಲ್ ಮಾಡ್ಯೂಲ್ ಆ ವಿಮಾನದಲ್ಲಿ 2019ಲ್ಲೂ 2023ಲ್ಲೂ ಬದಲಾಗಿತ್ತು, 2023ರಿಂದ ಈಚೆಗೆ ಸ್ವಿಚ್ ಬಗ್ಗೆ ಯಾವ ಸ್ನ್ಯಾಗೂ (ದೋಷ) ಬರೆದಿರ್ಲಿಲ್ಲ ಅಂತಾನೂ ಅದ್ರಲ್ಲೇ ಇದೆ. ಆಕ್ಸಿಡೆಂಟ್ ಆದ್ಮೇಲೆ ಜುಲೈ 14ಕ್ಕೆ ಡಿಜಿಸಿಎ ಆರ್ಡರ್ ಮಾಡ್ತು, 21ರೊಳಗೆ ಎಲ್ಲಾ ಚೆಕ್ ಮುಗಿಸಿ ಅಂತ. ಏರ್ ಇಂಡಿಯಾ ತನ್ನ ವಿಮಾನಗಳಲ್ಲಿ ನೋಡಿ, ಲಾಕಿಂಗಲ್ಲಿ ತೊಂದರೆ ಏನೂ ಸಿಗ್ಲಿಲ್ಲ ಅಂತ ಹೇಳ್ತು.

ನಾನು ಹೇಳ್ಬೇಕಾಗಿರೋದು ಬೇರೆ. ತಯಾರಕರು ಸರ್ವೀಸ್ ಬುಲೆಟಿನ್ ಕಳಿಸ್ತಾರೆ, ರೆಗ್ಯುಲೇಟರ್ ಮಾಹಿತಿ ಬುಲೆಟಿನ್ ಕಳಿಸ್ತಾರೆ, ಎಡಿ ಕಳಿಸ್ತಾರೆ. ಎಡಿ ಬಂತಂದ್ರೆ ಮುಗೀತು, ಮಾಡ್ಲೇಬೇಕು, ತಾರೀಖು ದಾಟಿದ್ರೆ ವಿಮಾನ ಹಾರಿಸೋ ಹಾಗಿಲ್ಲ. ಉಳಿದದ್ರಲ್ಲಿ "ಕೈ ಖಾಲಿ ಆದಾಗ ನೋಡೋಣ" ಅನ್ನೋ ಜಾಗ ಉಳಿಯುತ್ತೆ. ಹತ್ತು ನಿಮಿಷದ ಚೆಕ್ಕು, ಟಾರ್ಚ್ ಹಾಕಿ ನೋಡಿ ಕೈಲಿ ಎಳೆದು ನೋಡೋದು, ಅಂಥದ್ದನ್ನ ಕಡ್ಡಾಯ ಅಲ್ಲ ಅನ್ನೋ ಒಂದೇ ಕಾರಣಕ್ಕೆ ಬಿಡೋದು ನನ್ನ ಮನಸ್ಸಿಗೆ ಒಪ್ಪಲ್ಲ. ಆ ಸ್ವಿಚ್ಚಿಂದಲೇ ಏನೋ ಆಯ್ತು ಅನ್ನೋ ಮಾತಲ್ಲ ಇದು. ನಮ್ಮ ಅಭ್ಯಾಸದ ಮಾತು.

ಮೆಟಲರ್ಜಿ_ಮೇಷ್ಟ್ರು:
ಈ ವಿಷಯಕ್ಕೆ ನಾನು ಕ್ಲಾಸಲ್ಲಿ ಪ್ರತಿ ವರ್ಷ ಹೇಳೋ ಕೇಸ್ ಒಂದಿದೆ, ಎಡಿ ಬಂದ್ರೂ ಸಾಲದು ಅನ್ನೋದಕ್ಕೆ. ಅಲೋಹಾ ಏರ್‌ಲೈನ್ಸ್ 243, 1988 ಏಪ್ರಿಲ್ 28, ಹವಾಯಿ. ಹೀಲೋದಿಂದ ಹೊನೊಲುಲುಗೆ ಹೊರಟ 737, 24,000 ಅಡಿ ಎತ್ತರದಲ್ಲಿ ಮೇಲ್ಛಾವಣಿ ಸುಮಾರು 18 ಅಡಿ ಉದ್ದ ಕಿತ್ಕೊಂಡು ಹೋಯ್ತು. ಕೂತಿದ್ದ ಜನಕ್ಕೆ ತಲೆ ಮೇಲೆ ಆಕಾಶ. ಒಬ್ಬ ಗಗನಸಖಿ ಹೊರಗೆ ಎಸೆಯಲ್ಪಟ್ರು, ಅವರೊಬ್ಬರೇ ತೀರಿಕೊಂಡಿದ್ದು, ಉಳಿದ 94 ಜನ ಮಾಯಿ ದ್ವೀಪದಲ್ಲಿ ಜೀವಂತ ಇಳಿದ್ರು.

ಆ ವಿಮಾನ 89,680 ಸಲ ಹಾರಿತ್ತು. ದ್ವೀಪದಿಂದ ದ್ವೀಪಕ್ಕೆ ಚಿಕ್ಕ ಚಿಕ್ಕ ಹಾರಾಟ, ಉಪ್ಪು ಗಾಳಿ ಬೇರೆ. ಪ್ರತಿ ಸಲ ಮೇಲೇರುವಾಗ ಒಳಗಿನ ಗಾಳಿ ಒತ್ತಡಕ್ಕೆ ಬಾಡಿ ಉಬ್ಬುತ್ತೆ, ಇಳಿದಾಗ ಕುಗ್ಗುತ್ತೆ. ಕಬ್ಬಿಣದ ತಂತಿ ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರೀತೀವಲ್ಲ, ಅದೇ. ಅಲ್ಯೂಮಿನಿಯಂ ಹಾಳೆ ಒಂದರ ಮೇಲೊಂದು ಕೂತು ರಿವೆಟ್ ಹೊಡೆದ ಜಾಗದಲ್ಲಿ, ಆ ರಿವೆಟ್ ತೂತಿನ ಅಂಚಿಂದ ಕೂದಲೆಳೆ ಅಷ್ಟು ಬಿರುಕು ಶುರುವಾಗುತ್ತೆ. ಒಂದೊಂದು ತೂತಲ್ಲೂ ಚಿಕ್ಕ ಚಿಕ್ಕದು, ಒಂದು ದಿನ ಎಲ್ಲಾ ಕೈ ಕೈ ಹಿಡ್ಕೊಳ್ತವೆ.

ಹುಡುಗ್ರಿಗೆ ನಾನು ಒತ್ತಿ ಹೇಳೋದು ಇಲ್ಲಿಂದ. ಬೋಯಿಂಗ್‌ಗೆ ಈ ಜೋಡಣೆಯ ತೊಂದರೆ ಗೊತ್ತಿತ್ತು. 1987 ಆಗಸ್ಟ್‌ನ ಅವರ ಬುಲೆಟಿನ್‌ನಲ್ಲಿ ಬಾಡಿಯ ಎಲ್ಲಾ ಲ್ಯಾಪ್ ಜೋಡಣೆ ನೋಡಿ ಅಂತ ಇತ್ತು. ಅದನ್ನ ಕಡ್ಡಾಯ ಮಾಡುವಾಗ ಎಫ್‌ಎಎ ಎಡಿಯಲ್ಲಿ ಮೇಲುಗಡೆಯ ಒಂದೇ ಸಾಲು, ಎಡಕ್ಕೊಂದು ಬಲಕ್ಕೊಂದು, ಅಷ್ಟನ್ನ ಮಾತ್ರ ಕಡ್ಡಾಯ ಮಾಡ್ತು. ಆರು ತಿಂಗಳಿಗೆ ಛಾವಣಿ ಹಾರ್ತು.

ಹ್ಯಾಂಗರ್_ರಾತ್ರಿ:
ಮೇಷ್ಟ್ರೇ, ಅಲೋಹಾ ತನಿಖೆ ವರದಿಯ ಇನ್ನೊಂದು ಭಾಗ ನಮ್ಮಂಥವ್ರ ಬಗ್ಗೆ ಇದೆ, ಅದನ್ನೂ ಹೇಳ್ತೀನಿ. ಇನ್ಸ್‌ಪೆಕ್ಟರ್‌ಗಳು ಹೆಚ್ಚಾಗಿ ರಾತ್ರಿ ಹೊತ್ತು ನೋಡ್ಬೇಕಿತ್ತು, ವಿಮಾನದ ಬೆನ್ನು ಮೇಲೆ ಹತ್ತಿ, ಜಾರದ ಹಾಗೆ ಹಗ್ಗ ಕಟ್ಕೊಂಡು, ಟಾರ್ಚಲ್ಲಿ, ಸಾವಿರಾರು ರಿವೆಟ್ ಒಂದಾದ್ಮೇಲೊಂದು, ಬೆಳಗಾಗೋದ್ರೊಳಗೆ ವಿಮಾನ ಮತ್ತೆ ಹಾರ್ಬೇಕು. ನೂರು ರಿವೆಟ್ ನೋಡಿ ಏನೂ ಸಿಗದಿದ್ರೆ ನೂರಾ ಒಂದನೇದನ್ನ ಕಣ್ಣು ನೋಡುತ್ತೆ, ಮನಸ್ಸು ನೋಡಲ್ಲ. ಇದು ಸೋಮಾರಿತನ ಅಲ್ಲ, ಮನುಷ್ಯನ ಮಿತಿ. ರಾತ್ರಿ ಮೂರರಿಂದ ಐದು ನನ್ನ ಪಾಲಿಗೆ ಅತಿ ಕೆಟ್ಟ ಹೊತ್ತು, ಆ ಟೈಮಲ್ಲಿ ಮುಖ್ಯವಾದ ಯಾವ ಕೆಲಸ ಮಾಡಿದ್ರೂ ಮುಗಿಸಿ, ಹೊರಗೆ ಹೋಗಿ ಮುಖ ತೊಳ್ಕೊಂಡು ಬಂದು ಇನ್ನೊಂದು ಸಲ ನೋಡ್ತೀನಿ. ಯಾರೂ ಕೇಳಲ್ಲ, ನನಗೇ ಸಮಾಧಾನ ಆಗಲ್ಲ.

1990ರಲ್ಲಿ ಬ್ರಿಟಿಷ್ ಏರ್‌ವೇಸ್ 5390ರ ಕಾಕ್‌ಪಿಟ್ ಗಾಜು ಗಾಳಿಯಲ್ಲೇ ಕಿತ್ತು ಹೋಯ್ತಲ್ಲ, ಕ್ಯಾಪ್ಟನ್ ಅರ್ಧ ಮೈ ಹೊರಗೆ ನೇತಾಡಿ ಬದುಕಿ ಬಂದ್ರು, ಅದೂ ರಾತ್ರಿ ಶಿಫ್ಟ್ ಕೆಲಸವೇ. 90 ಬೋಲ್ಟ್‌ನಲ್ಲಿ 84 ಸ್ವಲ್ಪ ಸಣ್ಣ ಸೈಜಿಂದು. ಹಳೇ ಬೋಲ್ಟ್ ಪಕ್ಕ ಹಿಡಿದು ಕಣ್ಣಳತೆಯಲ್ಲಿ ಹುಡುಕಿ ಹಾಕಿದ್ದು, ಕ್ಯಾಟಲಾಗ್ ನೋಡಿರ್ಲಿಲ್ಲ. ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇರ್ಲಿಲ್ಲ.

ಹುಬ್ಬಳ್ಳಿ_ಗ್ಯಾರೇಜ್:
ಅಣ್ಣಾರ, ಓದಿ ಮೈ ಜುಮ್ ಅಂತು. ನಾನು ಬಸ್ ಡಿಪೋದಾಗ ಮೆಕ್ಯಾನಿಕ್ ಆಗಿ 22 ವರ್ಷ ದುಡದೀನಿ. ನಾವು ಗಾಲಿ ನಟ್ ಟೈಟ್ ಮಾಡಿದ ಮ್ಯಾಲೆ ಅದರ ಮ್ಯಾಲೊಂದು ಪೇಂಟಿನ ಗೆರಿ ಎಳಿತಿದ್ವಿ, ನಟ್ ಒಂಚೂರು ತಿರುಗಿದ್ರೂ ಗೆರಿ ಮುರದು ಕಾಣತಿತ್ತು. ಆಮ್ಯಾಲೆ ಪಾನಾ ತಗೊಂಡು ತಟ್ಟಿ ಸಪ್ಪಳಾ ಕೇಳಿ ಹೇಳತಿದ್ವಿ ಸಡಲ ಅದನೋ ಬಿಗಿ ಅದನೋ ಅಂತ. ಇಂಥಾ ಕೈಕೆಲಸ ವಿಮಾನದಾಗೂ ಇರ್ತಾವೇನ್ರಿ, ಇಲ್ಲಾ ಎಲ್ಲಾ ಕಂಪ್ಯೂಟರೇನು?

ಹ್ಯಾಂಗರ್_ರಾತ್ರಿ:
ಅಣ್ಣ, ನೀವು ಹೇಳಿದ್ದು ಎರಡೂ ಇದೆ! ನಟ್ ಬಿಗಿ ಮಾಡಿದ್ಮೇಲೆ ಟಾರ್ಕ್ ಸೀಲ್ ಅಂತ ಬಣ್ಣದ ಗೆರೆ ಹಾಕ್ತೀವಿ, ಮುರಿದ್ರೆ ತಿರುಗಿದೆ ಅಂತ ಅರ್ಥ. ಕಾಂಪೋಸಿಟ್ ಪ್ಯಾನಲ್ ಒಳಗೆ ಪದರ ಬಿಟ್ಕೊಂಡಿದೆಯಾ ಅಂತ ನೋಡೋಕೆ ನಾಣ್ಯದಂಥದ್ರಲ್ಲಿ ತಟ್ಟಿ ಸದ್ದು ಕೇಳೋದು ಇವತ್ತಿಗೂ ಇದೆ, ಗಟ್ಟಿ ಇದ್ರೆ ಟಣ್ ಅನ್ನುತ್ತೆ, ಬಿಟ್ಟಿದ್ರೆ ಸತ್ತ ಸದ್ದು. ಎಂಜಿನ್ ಒಳಗೆ ಬೋರೋಸ್ಕೋಪ್ ಬಿಡ್ತೀವಿ, ಡಾಕ್ಟ್ರು ಹೊಟ್ಟೆ ಒಳಗೆ ಕ್ಯಾಮೆರಾ ಬಿಡ್ತಾರಲ್ಲ ಅದೇ ತರ, ಒಬ್ಬ ಎಂಜಿನ್ ನಿಧಾನಕ್ಕೆ ತಿರುಗಿಸ್ತಾ ಹೋಗ್ಬೇಕು ಇನ್ನೊಬ್ಬ ಒಂದೊಂದೇ ಬ್ಲೇಡ್ ಎಣಿಸ್ತಾ ನೋಡ್ಬೇಕು. ಕಣ್ಣಿಗೆ ಕಾಣದ ಬಿರುಕಿಗೆ ಎಡ್ಡಿ ಕರೆಂಟ್, ಅಲ್ಟ್ರಾಸೋನಿಕ್, ಹೊಳೆಯೋ ಬಣ್ಣ ಹಚ್ಚಿ ಯುವಿ ಲೈಟಲ್ಲಿ ನೋಡೋ ಪೆನೆಟ್ರಂಟ್, ಅದಕ್ಕೆ ಬೇರೆ ಟ್ರೇನಿಂಗ್ ಆದವ್ರೇ ಇರ್ತಾರೆ.

ಎಎಂಇ_ಸ್ಟೂಡೆಂಟ್:
ಸರ್ ನಾನು ಎಎಂಇ (ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರಿಂಗ್) ಸೆಕೆಂಡ್ ಇಯರ್. ಎಡಿಲಿ ಕೊಡೋ ಆ ನಂಬರ್ ಇದೆಯಲ್ಲ, ಇಷ್ಟು ಗಂಟೆ, ಇಷ್ಟು ಸೈಕಲ್ ಅಂತ, ಅದನ್ನ ಹೇಗೆ ಲೆಕ್ಕ ಹಾಕ್ತಾರೆ ಅಂತ ಕ್ಲಾಸಲ್ಲಿ ಹೇಳಲ್ಲ, ಬರೀ ಪಾಲಿಸ್ಬೇಕು ಅಂತಾರೆ.

ಮೆಟಲರ್ಜಿ_ಮೇಷ್ಟ್ರು:
ಒಳ್ಳೇ ಪ್ರಶ್ನೆ ಮಗು. ಎರಡು ಅಳತೆ ಇಟ್ಕೋ. ಒಂದು, ಯಂತ್ರಕ್ಕೆ ಕಾಣುವಷ್ಟು ದೊಡ್ಡದಾದ ಬಿರುಕು. ಇನ್ನೊಂದು, ಇದಕ್ಕಿಂತ ಒಂಚೂರು ಬೆಳೆದ್ರೂ ಮುರಿದೇ ಹೋಗುತ್ತೆ ಅನ್ನುವಷ್ಟು ದೊಡ್ಡ ಬಿರುಕು. ಮೊದಲನೇದ್ರಿಂದ ಎರಡನೇದಕ್ಕೆ ಹೋಗೋಕೆ ಎಷ್ಟು ಸೈಕಲ್ ಬೇಕೋ ಲೆಕ್ಕ ಹಾಕಿ, ಆ ಅಂತರದಲ್ಲಿ ಕನಿಷ್ಠ ಎರಡು ಮೂರು ಸಲ ತಪಾಸಣೆ ಬೀಳೋ ಹಾಗೆ ಇಡ್ತಾರೆ. ಒಂದು ಸಲ ಕಣ್ಣು ತಪ್ಪಿದ್ರೂ ಇನ್ನೊಂದು ಸಲ ಸಿಗ್ಲಿ ಅಂತ. ಅದಕ್ಕೇ ಗಡುವು ಮುಂದೆ ಹಾಕೋದು ಸಣ್ಣ ವಿಷಯ ಅಲ್ಲ, ಆ ಎರಡನೇ ಅವಕಾಶವನ್ನೇ ತಿಂದು ಹಾಕಿದ ಹಾಗೆ.

1989ರಲ್ಲಿ ಅಮೆರಿಕದ ಸೂ ಸಿಟಿಯಲ್ಲಿ ಬಿದ್ದ ಯುನೈಟೆಡ್ 232 ನೋಡು, ಡಿಸಿ-10, 112 ಜನ ಸತ್ರು. ಬಾಲದ ಎಂಜಿನ್‌ನ ಬ್ಲೇಡ್‌ಗಳನ್ನ ಹಿಡಿದಿಡೋ ಟೈಟಾನಿಯಂ ಡಿಸ್ಕ್ ಎರಕ ಹೊಯ್ದಾಗಲೇ ಒಳಗೊಂದು ಗಟ್ಟಿ ಕಲ್ಮಶ ಸೇರಿತ್ತು, 17 ವರ್ಷ ಬಿರುಕು ಬೆಳೀತು. ಕೊನೇ ತಪಾಸಣೆ ಆಗಿ 760 ಹಾರಾಟಕ್ಕೆ ಒಡೀತು, ಆ ತಪಾಸಣೆ ಹೊತ್ತಿಗೆ ಬಿರುಕು ಕಾಣುವಷ್ಟು ದೊಡ್ಡದೇ ಇತ್ತು ಅಂತ ತನಿಖೆಯಲ್ಲಿ ತಿಳೀತು.

ನಿತ್ಯ_ಪ್ರಯಾಣಿಕ:
ಎಲ್ಲಾ ಓದ್ದೆ. ಒಪ್ತೀನಿ, ಮೊದಲು ದುಡುಕಿ ಬರೆದೆ. ಆದ್ರೆ ನನ್ನ ಪ್ರಶ್ನೆ ಹಾಗೇ ಇದೆ. ಎಂಜಿನ್ ಮಾಡಿದವ್ರ ತಪ್ಪಿಗೆ ನಾವ್ಯಾಕೆ ಹೆಚ್ಚು ಟಿಕೆಟ್ ದರ ಕೊಡ್ಬೇಕು? ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್ ತೊಂದರೆಯಿಂದ ಅರ್ಧ ವಿಮಾನ ನಿಂತೋಯ್ತು ಅಂತ ಗೋ ಫಸ್ಟ್ ಏರ್‌ಲೈನ್ (ಮುಂಚಿನ ಗೋಏರ್) 2023 ಮೇನಲ್ಲಿ ಕೈ ಎತ್ತಿಬಿಡ್ತು, ಎಷ್ಟು ಜನರ ಟಿಕೆಟ್ ದುಡ್ಡು, ಎಷ್ಟು ಜನರ ಕೆಲಸ ಹೋಯ್ತು.

ಹ್ಯಾಂಗರ್_ರಾತ್ರಿ:
ದುಡ್ಡಿನ ಲೆಕ್ಕ ನನಗೆ ಅಷ್ಟು ಗೊತ್ತಿಲ್ಲ ಸರ್, ಎಂಜಿನ್ ಲೆಕ್ಕ ಹೇಳ್ತೀನಿ. ಆ ಎಂಜಿನ್ ನಮ್ಮ ದೇಶದಲ್ಲಿ ಶುರುವಿಂದ್ಲೂ ಕಾಟ ಕೊಟ್ಟಿದೆ. 2018 ಮಾರ್ಚ್‌ನಲ್ಲಿ ಒಳಗಿನ ಒಂದು ಸೀಲ್ ತೊಂದರೆಗೆ ಡಿಜಿಸಿಎ ಒಂದೇ ದಿನ 11 ಎ320ನಿಯೋ (ಎ320ಯ ಹೊಸ ಮಾದರಿ) ನಿಲ್ಲಿಸ್ತು, 8 ಇಂಡಿಗೋದು, 3 ಗೋಏರ್‌ದು. 2019 ಕೊನೇಲಿ ಟರ್ಬೈನ್ ಬ್ಲೇಡ್ ಒಡಿಯೋದು ಜಾಸ್ತಿ ಆಗಿ ಇಂಡಿಗೋದ ಆ ಜಾತಿ ವಿಮಾನಗಳಿಗೆಲ್ಲ ಎಂಜಿನ್ ಬದಲಾಯಿಸಿ ಅಂತ 2020 ಜನವರಿ 31ರ ಗಡುವು ಕೊಟ್ಟಿತ್ತು. ಅದು ಆಮೇಲೆ ಮುಂದೆ ಹೋಯ್ತು, ಆಗಸ್ಟ್‌ವರೆಗೂ. ಆ ವಿಸ್ತರಣೆ ಕೊಟ್ಟಾಗ ನನಗೆ ಸರಿ ಅನಿಸಿರ್ಲಿಲ್ಲ, ಈಗ್ಲೂ ಅನಿಸಲ್ಲ.

2023ಲ್ಲಿ ಬಂದಿದ್ದು ಇನ್ನೂ ದೊಡ್ಡದು. ಡಿಸ್ಕ್ ಮಾಡೋ ಲೋಹದ ಪುಡಿಯಲ್ಲೇ ಕಲ್ಮಶ, 2015ರ ಕೊನೆಯಿಂದ 2021ರ ನಡುವೆ ತಯಾರಾದದ್ರಲ್ಲಿ. ಅದನ್ನ ನೋಡ್ಬೇಕಂದ್ರೆ ಎಂಜಿನ್ ರೆಕ್ಕೆಯಿಂದ ಇಳಿಸಿ, ಶಾಪ್‌ಗೆ ಕಳಿಸಿ, ಪೂರ್ತಿ ಬಿಚ್ಚಿ, ಡಿಸ್ಕ್‌ಗೆ ಓರೆಯಾಗಿ ಅಲ್ಟ್ರಾಸೌಂಡ್ ಬಿಟ್ಟು ನೋಡ್ಬೇಕು. ಒಂದು ಎಂಜಿನ್ ಹೋಗಿ ಬರೋಕೆ 250ರಿಂದ 300 ದಿನ ಅಂತ ಕಂಪನಿನೇ ಹೇಳ್ತು. ಅದಕ್ಕೇ ಬಾಳೆಹಣ್ಣಿನ ಗೊನೆ ಕಿತ್ತ ಗಿಡದ ತರ ಎಂಜಿನ್ ಇಲ್ಲದ ವಿಮಾನಗಳು ಸಾಲಾಗಿ ನಿಂತಿದ್ದು. ಮುಂದೆ ಕಾಂಕ್ರೀಟ್ ಬ್ಲಾಕ್ ನೇತು ಹಾಕಿ ನಿಲ್ಲಿಸಿರ್ತೀವಿ, ಎಂಜಿನ್ ಭಾರ ಇಲ್ಲದಿದ್ರೆ ಗಾಳಿಗೆ ವಿಮಾನ ಅಲ್ಲಾಡ್ಬಾರದು ಅಂತ. ದಿನಾ ಅದರ ಪಕ್ಕ ಹಾದು ಹೋಗುವಾಗ ಸಂಕಟ ಆಗುತ್ತೆ.

ಆದ್ರೂ ನಿಂತಿರೋ ವಿಮಾನ ಯಾರನ್ನೂ ಸಾಯಿಸಿಲ್ಲ. ಇದು ಯಾಕೆ ಹೇಳ್ತೀನಿ ಅಂದ್ರೆ ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್‌ನ 1380 ನಂಬರ್ ಫ್ಲೈಟ್. 2016 ಆಗಸ್ಟಲ್ಲಿ ಅದೇ ಸೌತ್‌ವೆಸ್ಟ್‌ನ ಒಂದು 737ಲಿ ಫ್ಯಾನ್ ಬ್ಲೇಡ್ ಮುರಿದಿತ್ತು, ಎಲ್ಲರೂ ಬಚಾವಾದ್ರು. ಒಂದು ವರ್ಷ ಬಿಟ್ಟು 2017 ಆಗಸ್ಟಲ್ಲಿ ಎಫ್‌ಎಎ ಎಡಿಯ ಕರಡು ಹಾಕ್ತು, ಅಭಿಪ್ರಾಯ ಕೇಳ್ತು, ಅಂತಿಮ ಮಾಡ್ಲಿಲ್ಲ. 2018 ಏಪ್ರಿಲ್ 17ಕ್ಕೆ ಅದೇ ಜಾತಿ ಎಂಜಿನ್, ಅದೇ ತರ ಬ್ಲೇಡ್ ಮುರೀತು, ಚೂರು ಬಡಿದು ಕಿಟಕಿ ಒಡೀತು, ಕಿಟಕಿ ಪಕ್ಕ ಕೂತಿದ್ದ ಒಬ್ಬ ಹೆಂಗಸು ಸತ್ರು. ಆ ಬ್ಲೇಡ್‌ಗೆ 32,636 ಸೈಕಲ್ ಆಗಿತ್ತು. ಮೂರನೇ ದಿನಕ್ಕೆ ಎಮರ್ಜೆನ್ಸಿ ಎಡಿ ಬಂತು, 30,000 ಸೈಕಲ್ ದಾಟಿದ ಎಂಜಿನ್‌ನ ಬ್ಲೇಡ್ ಎಲ್ಲಾ 20 ದಿನದೊಳಗೆ ಅಲ್ಟ್ರಾಸೋನಿಕ್ ಮಾಡಿ ಅಂತ. ಇಪ್ಪತ್ತು ದಿನದಲ್ಲಿ ಆಗೋ ಕೆಲಸ. ಎಂಟು ತಿಂಗಳು ಕರಡಾಗಿ ಬಿದ್ದಿತ್ತು.

ನನಗೆ ಈ ಕೆಲಸದಲ್ಲಿ ಒಂದೇ ಕೋಪ ಇರೋದು, ಇದೇ. ಗೊತ್ತಿಲ್ಲದೇ ಆದ್ರೆ ತಡ್ಕೋಬಹುದು. ಗೊತ್ತಾದ್ಮೇಲೆ "ಇಷ್ಟು ಸಾಕು", "ಇನ್ನೂ ಸ್ವಲ್ಪ ದಿನ" ಅಂತ ಕಮ್ಮಿ ಮಾಡ್ತಾರಲ್ಲ, ಅಲೋಹಾದಲ್ಲಿ ಎಲ್ಲಾ ಸಾಲು ಬಿಟ್ಟು ಒಂದು ಸಾಲು ಅಂದ ಹಾಗೆ, ಅದಕ್ಕೆ ಮನಸ್ಸು ಒಪ್ಪಲ್ಲ. ಈ ನವೆಂಬರಲ್ಲಿ ಹಾಗೆ ಮಾಡ್ಲಿಲ್ಲ. ಒಂದು ಘಟನೆ, ಒಂದು ತಿಂಗಳು, ಕಾರಣ ಸಿಕ್ತು, 6000 ವಿಮಾನ ಮುಂದಿನ ಫ್ಲೈಟ್‌ಗೆ ಮುಂಚೆ ಅಂದ್ರು. ಬೆನ್ನು ಮುರೀತು ನಮ್ದು, ಆದ್ರೂ ಸಂತೋಷದಿಂದ ಮಾಡಿದ್ವಿ.

ಕುಡ್ಲದ_ಹುಡ್ಗಿ:
ಕಣ್ಣಲ್ಲಿ ನೀರು ಬಂತು ಓದಿ. ನಿಮಗೆ ಮೇಲಿನವರು "ಬೇಗ ಸೈನ್ ಹಾಕಿ ಬಿಡಿ" ಅಂತ ಪ್ರೆಷರ್ ಹಾಕುದು ಉಂಟಾ? ಹೇಳ್ಲಿಕ್ಕೆ ಕಷ್ಟ ಆದ್ರೆ ಬೇಡ.

ಹ್ಯಾಂಗರ್_ರಾತ್ರಿ:
ಹೇಳ್ತೀನಿ. "ಸೈನ್ ಹಾಕು" ಅಂತ ಯಾರೂ ಬಾಯ್ಬಿಟ್ಟು ಹೇಳಲ್ಲ. ಐದು ನಿಮಿಷಕ್ಕೊಂದು ಫೋನ್ ಬರುತ್ತೆ, "ಎಷ್ಟೊತ್ತಾಗುತ್ತೆ?" ಅಂತ. ಪ್ಯಾಸೆಂಜರ್ ಬೋರ್ಡ್ ಆಗಿದಾರೆ ಅಂತಾರೆ. ಹಿಂದೆ ಒಂದು ಜಾಗದಲ್ಲಿ ಕೆಲಸ ಮಾಡ್ತಿದ್ದಾಗ ಹೈಡ್ರಾಲಿಕ್ ಲೀಕ್ ಒಂದು ಲಿಮಿಟ್‌ಗಿಂತ ಜಾಸ್ತಿ ಇತ್ತು, ನಿಮಿಷಕ್ಕೆ ಎಷ್ಟು ಹನಿ ಅಂತ ವಾಚ್ ಹಿಡಿದು ಎಣಿಸ್ಬೇಕು, ಎಣಿಸಿದೆ, ಜಾಸ್ತಿ ಬಂತು, ವಿಮಾನ ನಿಲ್ಲಿಸಿದೆ. ಮುಂದಿನ ವಾರ ಎರಡು ಸಲ ಕ್ಯಾಬಿನ್‌ಗೆ ಕರೆದು ಮಾತಾಡಿದ್ರು. ನಾನು ಟೆಕ್ ಲಾಗ್ (ವಿಮಾನದ ದೋಷ, ರಿಪೇರಿ ಬರೆಯೋ ಪುಸ್ತಕ) ಮುಂದಿಟ್ಟೆ, ಮ್ಯಾನುಯಲ್ ಪುಟ ಮುಂದಿಟ್ಟೆ. ಆಮೇಲೆ ಏನೂ ಆಗ್ಲಿಲ್ಲ. ಆದ್ರೆ ಆ ವಾರ ನಿದ್ದೆ ಬರ್ಲಿಲ್ಲ, ಮಗಳು ಆಗ ಎಂಟು ತಿಂಗಳ ಕೂಸು, ಕೆಲಸ ಹೋದ್ರೆ ಅಂತ.

ವಿಮಾನ ಹಾರಬಹುದು ಅಂತ ಕೊಡೋ ರಿಲೀಸ್ ಸರ್ಟಿಫಿಕೇಟ್‌ನಲ್ಲಿ ನನ್ನ ಲೈಸೆನ್ಸ್ ನಂಬರ್ ಇರುತ್ತೆ. ಫೋನ್ ಮಾಡಿದವ್ರ ಹೆಸರು ಇರಲ್ಲ. ಸ್ಟೂಡೆಂಟ್ ತಮ್ಮ, ಇದು ನಿಂಗೆ ಬರೀತಿರೋದು.

ಎಎಂಇ_ಸ್ಟೂಡೆಂಟ್:
ಸ್ಕ್ರೀನ್‌ಶಾಟ್ ತಗೊಂಡು ಇಟ್ಕೊಂಡೆ ಅಣ್ಣ. ನಮ್ಮ ಬ್ಯಾಚ್ ಗ್ರೂಪ್‌ಗೂ ಹಾಕ್ತೀನಿ.

ನಿತ್ಯ_ಪ್ರಯಾಣಿಕ:
ಇನ್ನು ಮುಂದೆ ಗೇಟಲ್ಲಿ ಕೂಗಾಡೋರನ್ನ ನೋಡಿದ್ರೆ ನಾನೇ ಹೋಗಿ ಮಾತಾಡ್ತೀನಿ. ಜೊತೆಗೆ ಒಂದು ಉಪಯೋಗದ ವಿಷಯ, ಎಲ್ಲರಿಗೂ ಗೊತ್ತಿರ್ಲಿ: ತಡ ಆದ್ರೆ ಊಟ ತಿಂಡಿ ಕೊಡ್ಬೇಕು ಅಂತ ಡಿಜಿಸಿಎ ರೂಲೇ ಇದೆ, ಆರು ಗಂಟೆಗಿಂತ ಜಾಸ್ತಿ ಆಗುತ್ತೆ ಅಂದ್ರೆ ಬೇರೆ ಫ್ಲೈಟ್ ಅಥವಾ ಪೂರ್ತಿ ದುಡ್ಡು ವಾಪಸ್ ಕೇಳಬಹುದು. ಎಂಜಿನಿಯರ್ ಮೇಲೆ ಕೂಗೋದು ಬಿಟ್ಟು ಕೌಂಟರಲ್ಲಿ ಇದನ್ನ ಕೇಳಿ.

ತುಂಗಾತೀರ:
ಇಡೀ ಥ್ರೆಡ್ ನಿನ್ನೆ ರಾತ್ರಿ ಅಮ್ಮಂಗೆ ಫೋನಲ್ಲಿ ಓದಿ ಹೇಳ್ದೆ, ಮುಕ್ಕಾಲು ಗಂಟೆ ಆಯ್ತು. ಅವರು ಜನವರಿಲಿ ವಾಪಸ್ ಬರೋರಿದಾರೆ, ಈ ಸಲ ಒಬ್ರೇ. ಭಯ ಕಮ್ಮಿ ಆಗಿದೆ ಅಂದ್ರು. ಆದ್ರೆ ಇನ್ನೊಂದು ಪ್ರಶ್ನೆ ಕೇಳ್ತಿದಾರೆ: ಕಿಟಕಿ ಪಕ್ಕ ಕೂತಾಗ ರೆಕ್ಕೆ ಮೇಲೆ ಏನಾದ್ರೂ ಸಡಿಲ ಆದ ಹಾಗೆ ಕಂಡ್ರೆ ಯಾರಿಗೆ ಹೇಳ್ಬೇಕು, ಹೇಳಿದ್ರೆ "ಈ ಅಜ್ಜಿಗೇನು ಗೊತ್ತು" ಅಂತ ನಗಲ್ವಾ ಅಂತ.

ಹ್ಯಾಂಗರ್_ರಾತ್ರಿ:
ನಗಲ್ಲ ಅಂತ ಹೇಳಿ ಅಮ್ಮಂಗೆ. ಅಲೋಹಾ ವಿಮಾನ ಹತ್ತುವಾಗ ಒಬ್ಬ ಪ್ರಯಾಣಿಕರು ಬಾಗಿಲ ಪಕ್ಕ ಬಾಡಿ ಮೇಲೆ ಉದ್ದಕ್ಕೆ ಬಿರುಕು ನೋಡಿದ್ರು. ಯಾರಿಗೂ ಹೇಳ್ಲಿಲ್ಲ, ಒಳಗೆ ಹೋಗಿ ಕೂತ್ರು. ತನಿಖೆ ವರದಿಲಿ ಇದೆ ಇದು.

ಹತ್ರ ಇರೋ ಗಗನಸಖಿಗೆ ಹೇಳ್ಲಿ, ಯಾವ ಸೀಟು, ಯಾವ ಕಡೆ ರೆಕ್ಕೆ, ಏನು ಕಂಡಿದ್ದು ಅಂತ, ಕನ್ನಡದಲ್ಲಾದ್ರೂ ಸರಿ ಹಿಂದಿಲಾದ್ರೂ ಸರಿ. ಅವರು ಕ್ಯಾಪ್ಟನ್‌ಗೆ ಹೇಳ್ತಾರೆ. ವಿಮಾನ ನೆಲದ ಮೇಲೆ ಇದ್ರೆ ಕ್ಯಾಪ್ಟನ್ ಎಂಜಿನಿಯರ್‌ನ ಕರೀತಾರೆ, ನಮ್ಮಂಥವ್ರು ಒಬ್ರು ಟಾರ್ಚ್ ಹಿಡ್ಕೊಂಡು ಬಂದು ನೋಡ್ತೀವಿ. ಹತ್ತರಲ್ಲಿ ಒಂಬತ್ತು ಸಲ ಅದು ಪೇಂಟ್ ಎದ್ದಿರೋದೋ ಟೇಪ್ ಬಿಟ್ಟಿರೋದೋ ಆಗಿರುತ್ತೆ. ಆ ಒಂಬತ್ತು ಸಲಕ್ಕೂ ನಾವು ಬರ್ತೀವಿ.